ತೊಂಬತ್ತು ದಿನದೊಳಗೊಂದು ಮುಹೂರ್ತ

ಅಮೆರಿಕದ ವಲಸೆ ಕಾನೂನಿಗೆ ಆಷಾಢ ಗೊತ್ತಿಲ್ಲ, ಅಧಿಕ ಮಾಸವೂ ಗೊತ್ತಿಲ್ಲ. 2023ರಲ್ಲಿ ಇವೆರಡೂ ಒಂದರ ಬೆನ್ನಿಗೊಂದು ಬಂದವು. ಜೂನ್ 19ಕ್ಕೆ ಆಷಾಢ ಹಿಡಿಯಿತು. ಅದು ಬಿಟ್ಟ ಮರುದಿನವೇ, ಜುಲೈ 18ಕ್ಕೆ, ಅಧಿಕ ಶ್ರಾವಣ ಶುರುವಾಗಿ ಆಗಸ್ಟ್ 16ರವರೆಗೆ ಎಳೆಯಿತು. ಆ ಜೂನ್ ಮಧ್ಯದಲ್ಲಿ ನಮ್ಮ ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ಕೆ-1 ವೀಸಾ ಹಿಡಿದು ನ್ಯೂಜೆರ್ಸಿಗೆ ಇಳಿದಳು. ಹುಡುಗ ಅಲ್ಲೇ ಹುಟ್ಟಿ ಬೆಳೆದವನು, ಕನ್ನಡದವರ ಮಗ, ಅಮೆರಿಕದ ಪ್ರಜೆ. ಇಳಿದ ದಿನದಿಂದ 90 ದಿನದೊಳಗೆ ಇಬ್ಬರ ಮದುವೆ ಆಗಬೇಕು, ಆಗದಿದ್ದರೆ ಹುಡುಗಿ ವಾಪಸು ಹೊರಡಬೇಕು. ಕೆ-1ರ ಮೂಲ ಷರತ್ತೇ ಇದು. ಆ 90ರಲ್ಲಿ ಎರಡು ತಿಂಗಳು ಪಂಚಾಂಗಕ್ಕೇ ಹೋಯಿತು.

"ಆಷಾಢದಲ್ಲಿ ಮಗಳ ಮದುವೆ ಮಾಡಿದ ಅಂತ ಊರಲ್ಲಿ ಆಡಿಕೊಳ್ತಾರೆ, ಬೀಗಿತ್ತಿಯವರೇ" ಎಂದು ಹುಡುಗಿಯ ತಂದೆ ಫೋನಿನಲ್ಲಿ ಕಸಿವಿಸಿಪಟ್ಟರು. ಹುಡುಗನ ತಾಯಿ, "ಬೀಗರೇ, ಈಗ ಆಗೋದು ಸಹಿ ಮಾತ್ರ. ಧಾರೆಯನ್ನ ನಿಜ ಶ್ರಾವಣದಲ್ಲೇ ಎರೆಯೋಣ, ನೀವೇ ಬಂದು ಎರೆದುಕೊಡಿ" ಎಂದರು. ನ್ಯೂಜೆರ್ಸಿಯಲ್ಲಿ ಮದುವೆ ಲೈಸೆನ್ಸಿಗೆ ಅರ್ಜಿ ಕೊಟ್ಟು 72 ಗಂಟೆ ಕಾಯಬೇಕು. ಕಾದರು, ಊರಿನ ಮೇಯರ್ ಮುಂದೆ ನಿಂತು ಮದುವೆಯಾದರು. ಆಗಸ್ಟ್ ಕೊನೆಯಲ್ಲಿ ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನದಲ್ಲಿ ಧಾರೆ, ಮಾಂಗಲ್ಯ ಎಲ್ಲವೂ ನಡೆಯಿತು. ಹುಡುಗನ ತಾಯಿ ಬಹಳ ವಿವೇಕದ ಹೆಂಗಸು ಎಂದು ನನಗೆ ಅನ್ನಿಸಿದ್ದು ಇನ್ನೊಂದು ಕಾರಣಕ್ಕೆ. ಕೆ-1ರಲ್ಲಿ ಹೋದವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವುದು ಮದುವೆಯಾದ ಮೇಲೆಯೇ. ಕೆಲಸ ಮಾಡುವ ಅನುಮತಿಯೂ, ಊರಿಗೆ ಬಂದುಹೋಗುವ ಅನುಮತಿಯೂ ಸಾಮಾನ್ಯವಾಗಿ ಆ ಅರ್ಜಿಯ ಬಾಲ ಹಿಡಿದೇ ಬರುವುದು. ಮುಹೂರ್ತಕ್ಕಾಗಿ ಎರಡು ತಿಂಗಳು ಕೂತಿದ್ದರೆ, ಆ ಹುಡುಗಿ ಇನ್ನೂ ಎರಡು ತಿಂಗಳು ಹೆಚ್ಚಿಗೆ ಕೈಕಟ್ಟಿ ಮನೆಯಲ್ಲಿ ಕೂರುತ್ತಿದ್ದಳು.

ದೇಶ ಬೇರೆ ಬೇರೆಯಾದ ಗಂಡು ಹೆಣ್ಣಿನ ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಎದ್ದುಬರುವ ಪ್ರಶ್ನೆ ಇದೇ: ಮದುವೆಯಾಗಿ ಹೋಗುವುದೋ, ಹೋಗಿ ಮದುವೆಯಾಗುವುದೋ? ಹೋಗಿ ಆಗುವುದಾದರೆ ಕೆ-1. ಆಗಿ ಹೋಗುವುದಾದರೆ ಸಿಆರ್-1, ಅಂದರೆ ಗಂಡ ಅಥವಾ ಹೆಂಡತಿಯಾಗಿ ವಲಸೆ ಹೋಗುವ ವೀಸಾ. ಮೊದಲನೆಯದಕ್ಕೆ ಐ-129ಎಫ್ ಎಂಬ ಅರ್ಜಿ, ಎರಡನೆಯದಕ್ಕೆ ಐ-130. ಕೆ-1 ಅರ್ಜಿ ಹಾಕಲು ಅಮೆರಿಕದ ಪ್ರಜೆಗಷ್ಟೇ ಹಕ್ಕಿದೆ. ಗ್ರೀನ್ ಕಾರ್ಡ್ ಮಾತ್ರ ಇರುವವರು ಮದುವೆಯಾಗಿಯೇ ಕರೆಸಿಕೊಳ್ಳಬೇಕು, ಅದೂ ಬೇರೆ ಸರತಿಯಲ್ಲಿ. ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಇರುವ ನಮ್ಮ ಸಾವಿರಾರು ಹುಡುಗರ ಕಥೆ ಮತ್ತೂ ಬೇರೆ. ಅವರ ಹೆಂಡತಿಯರು ಎಚ್-4 ಹಿಡಿದು ಹೋಗುತ್ತಾರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಕೆ-1 ಹುಟ್ಟಿದ್ದು 1970ರ ಏಪ್ರಿಲಿನಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ. ದೂರದ ದೇಶದಲ್ಲಿ ಮನಸ್ಸು ಕೊಟ್ಟು ಬಂದ ಸೈನಿಕರಿಗೆ ತಮ್ಮ ಹುಡುಗಿಯನ್ನು ಕರೆಸಿಕೊಳ್ಳಲು ಒಂದು ದಾರಿ ಬೇಕಿತ್ತು. ಅದಕ್ಕೂ ಮುಂಚೆ, ಎರಡನೇ ಮಹಾಯುದ್ಧ ಮುಗಿದಾಗ, 1945ರ ಡಿಸೆಂಬರಿನಲ್ಲಿ ಸೈನಿಕರ ಹೆಂಡತಿಯರಿಗಾಗಿಯೇ ಒಂದು ಕಾಯ್ದೆ ಬಂದಿತ್ತು. ಇನ್ನೂ ಹಿಂದಕ್ಕೆ ಹೋದರೆ ಮೈ ಜುಮ್ಮೆನ್ನುತ್ತದೆ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಅರ್ಹನಲ್ಲದ ಪರದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣುಮಗಳು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಾಳೆ ಎಂಬ ನಿಯಮ ಆಗಲೇ ಜಾರಿಯಲ್ಲಿತ್ತು, ಅದು 1931ರವರೆಗೂ ಇತ್ತು. ನಮ್ಮವನೊಬ್ಬನ ಕೈಹಿಡಿದ ತಪ್ಪಿಗೆ ಹುಟ್ಟಿದ ನೆಲದಲ್ಲೇ ಪರದೇಶಿಯಾಗುವುದು ಎಂದರೆ ಏನು! ಇವತ್ತು ಫೀಸು ಕಟ್ಟಿ, ಫಾರಂ ತುಂಬಿ, ಕಾದರೆ ಆಗುತ್ತದಲ್ಲ ಎಂದು ಆ ಹೆಂಗಸರನ್ನು ನೆನೆದಾಗಲೆಲ್ಲ ಅಂದುಕೊಳ್ಳುತ್ತೇನೆ.

ಕೆ-1 ಬೇಗ ಆಗುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಈಚಿನ ವರ್ಷಗಳಲ್ಲಿ ಎರಡೂ ದಾರಿಗೆ ವರ್ಷದ ಲೆಕ್ಕದಲ್ಲೇ ಕಾಯಬೇಕಾಗಿದೆ, ಅಂತರ ಬಹಳ ಕಡಿಮೆಯಾಗಿದೆ. ಆದ್ದರಿಂದ ಯಾವುದು ಬೇಗ ಎಂದು ಕೇಳುವುದನ್ನು ಬಿಟ್ಟು, ಕಾಯುವುದು ಯಾರು, ಎಲ್ಲಿ ಕೂತು, ಏನು ಮಾಡುತ್ತಾ ಎಂದು ಕೇಳಬೇಕು ಅನ್ನುತ್ತೇನೆ ನಾನು. ಸಿಆರ್-1ರಲ್ಲಿ ಕಾಯುವ ಕಾಲ ಇಲ್ಲಿ ಕಳೆಯುತ್ತದೆ. ಮದುವೆಯಾಗಿಯೂ ಗಂಡ ಒಂದು ಕಡೆ ಹೆಂಡತಿ ಒಂದು ಕಡೆ, ಅದು ಸಣ್ಣ ಸಂಕಟವಲ್ಲ. ಆದರೆ ಹುಡುಗಿ ತನ್ನ ಊರಿನಲ್ಲಿರುತ್ತಾಳೆ, ತನ್ನ ಕೆಲಸಕ್ಕೆ ಹೋಗುತ್ತಾಳೆ, ತನ್ನ ಸಂಬಳ ತಾನು ಎಣಿಸುತ್ತಾಳೆ, ಅಜ್ಜಿಗೆ ಹುಷಾರಿಲ್ಲದಿದ್ದರೆ ರಾತ್ರಿ ಬಸ್ಸು ಹತ್ತಿ ಹೋಗಿಬರುತ್ತಾಳೆ. ಕೊನೆಗೆ ಅಮೆರಿಕದಲ್ಲಿ ಇಳಿದ ಗಳಿಗೆಯಿಂದ ಅವಳು ಅಲ್ಲಿನ ಕಾಯಂ ನಿವಾಸಿ. ಕಾರ್ಡು ಅಂಚೆಯಲ್ಲಿ ಬರುವುದಕ್ಕೆ ಮುಂಚೆಯೇ ಕೆಲಸಕ್ಕೆ ಸೇರಬಹುದು, ಬೇಕೆಂದಾಗ ಊರಿಗೆ ಬರಬಹುದು.

ಕೆ-1ರಲ್ಲಿ ಕಾಯುವುದು ಎರಡು ಕಂತು. ಒಂದು ಇಲ್ಲಿ, ವೀಸಾಕ್ಕೆ. ಇನ್ನೊಂದು ಅಲ್ಲಿ, ಮದುವೆಯಾದ ಮೇಲೆ, ಗ್ರೀನ್ ಕಾರ್ಡಿಗೆ. ಆ ಎರಡನೇ ಕಂತಿನ ಮೊದಲ ತಿಂಗಳುಗಳಲ್ಲಿ ಹುಡುಗಿಗೆ ಕೆಲಸವಿಲ್ಲ, ಕೈಯಲ್ಲಿ ಸ್ವಂತ ದುಡ್ಡಿಲ್ಲ, ಹೊಸ ಊರು, ಹೊಸ ಚಳಿ. ಇಲ್ಲಿ ತಮ್ಮನ ಮದುವೆ ಗೊತ್ತಾದರೆ ಹೊರಡುವಂತಿಲ್ಲ. ಅಡ್ವಾನ್ಸ್ ಪರೋಲ್ ಎಂಬ ಮುಂಗಡ ಅನುಮತಿಯಿಲ್ಲದೆ ದೇಶ ಬಿಟ್ಟರೆ ಗ್ರೀನ್ ಕಾರ್ಡಿನ ಅರ್ಜಿಯನ್ನೇ ಕೈಬಿಟ್ಟಂತೆ ಎಂದು ಕಾನೂನು ಎಣಿಸುತ್ತದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದ ಹೆಣ್ಣುಮಕ್ಕಳು ಆ ತಿಂಗಳುಗಳಲ್ಲಿ ಕುಗ್ಗಿಹೋದದ್ದನ್ನು ನಾನು ನೋಡಿದ್ದೇನೆ. ಗಂಡ ಒಳ್ಳೆಯವನಾಗಿದ್ದರೂ ಅದು ತಪ್ಪುವುದಿಲ್ಲ; ತರಕಾರಿಗೂ ಅವನ ಕಾರ್ಡನ್ನೇ ಉಜ್ಜಬೇಕಾದಾಗ ಮನಸ್ಸು ಹಿಂಡುತ್ತದೆ.

ದುಡ್ಡಿನ ಮಾತನ್ನೂ ಆಡಿಬಿಡೋಣ. 2024ರ ಏಪ್ರಿಲ್ 1ರಿಂದ ಬಂದ ದರಗಳ ಪ್ರಕಾರ ಕೆ-1 ದಾರಿಯಲ್ಲಿ ಮೊದಲ ಅರ್ಜಿಗೆ 675 ಡಾಲರ್, ವೀಸಾಕ್ಕೆ 265, ಅಲ್ಲಿ ಹೋದ ಮೇಲೆ ಗ್ರೀನ್ ಕಾರ್ಡಿನ ಅರ್ಜಿಗೆ 1440, ಒಟ್ಟು 2380. ಕೆಲಸದ ಅನುಮತಿಗೆ 260, ಪ್ರಯಾಣದ ಅನುಮತಿಗೆ 630 ಮತ್ತೆ ಬೇರೆ. ಸಿಆರ್-1ಕ್ಕೆ ಆನ್‌ಲೈನ್ ಅರ್ಜಿ 625, ವೀಸಾ 325, ಪೋಷಣೆಯ ಪ್ರಮಾಣಪತ್ರದ ಪರಿಶೀಲನೆಗೆ 120, ಕಾರ್ಡಿಗೆ 235, ಒಟ್ಟು 1305. ದರಗಳು ಬದಲಾಗುತ್ತಲೇ ಇರುತ್ತವೆ, ಕಟ್ಟುವ ದಿನ ನೋಡಿಕೊಂಡೇ ಕಟ್ಟಬೇಕು. ಅಂತರ ಮಾತ್ರ ಹೀಗೆ ಕಣ್ಣಿಗೆ ಹೊಡೆಯುವಷ್ಟಿದೆ. ಇನ್ನೊಂದು ಲಾಭವೂ ಸಿಆರ್-1ರ ಕಡೆಗೇ ಇದೆ. ಪ್ರಜೆಯ ಜೊತೆ ಸಂಸಾರ ಮಾಡುತ್ತಿರುವ ಗ್ರೀನ್ ಕಾರ್ಡಿನವರು ಮೂರು ವರ್ಷಕ್ಕೆ ಪೌರತ್ವ ಕೇಳಬಹುದು. ಸಿಆರ್-1ರಲ್ಲಿ ಆ ಮೂರು ವರ್ಷದ ಎಣಿಕೆ ಇಳಿದ ದಿನವೇ ಶುರು, ಕೆ-1ರಲ್ಲಿ ಕಾರ್ಡು ಮಂಜೂರಾದ ದಿನದಿಂದ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಕೆ-1 ಆರಿಸಿಕೊಂಡವರು ಎಡವುವ ಜಾಗ ಇನ್ನೊಂದಿದೆ, ಅದು ನಿಶ್ಚಿತಾರ್ಥ. ಕೆ-1 ಬೇಕಾದರೆ ಹುಡುಗ ಹುಡುಗಿ ಇಬ್ಬರೂ ಅವಿವಾಹಿತರಾಗಿರಬೇಕು. ನಮ್ಮ ನಿಶ್ಚಿತಾರ್ಥಗಳು ಈಗ ಹೇಗೆ ನಡೆಯುತ್ತವೆ ಎಂದು ನಿಮಗೆ ಗೊತ್ತೇ ಇದೆ. ಛತ್ರ, ವಾಲಗ, ರೇಷ್ಮೆ ಸೀರೆ, ಹಾರ ಬದಲಾವಣೆ, ಉಂಗುರ, ನಾನೂರು ಎಲೆ ಊಟ. ಮುಂಬೈಯ ಕಾನ್ಸುಲೇಟಿನಲ್ಲಿ ಸಂದರ್ಶನ ಮಾಡುವ ಅಧಿಕಾರಿಗೆ ಆ ಫೋಟೋ ಮದುವೆಯ ಫೋಟೋದ ಹಾಗೆ ಕಂಡರೆ ಅವರನ್ನು ದೂರುವುದು ಹೇಗೆ? ಅದಕ್ಕಿಂತ ಅಪಾಯದ್ದು ಮನೆಯ ಹಿರಿಯರ ಪ್ರೀತಿಯ ಒತ್ತಾಯ. "ಹೆಣ್ಣುಮಗು ಒಂಟಿಯಾಗಿ ಪರದೇಶಕ್ಕೆ ಹೋಗ್ತಾಳೆ, ದೇವರ ಮುಂದೆ ಒಂದು ಅರಿಶಿನದ ಕೊಂಬಾದರೂ ಕಟ್ಟಿಸಿ ಕಳಿಸೋಣ" ಎನ್ನುವ ಅಜ್ಜಿ ಎಷ್ಟು ಮನೆಗಳಲ್ಲಿಲ್ಲ! 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ಮದುವೆಯನ್ನು ಮದುವೆ ಮಾಡುವುದು ಗಂಡು ಅಥವಾ ಹೆಣ್ಣಿನ ಕಡೆಯ ಶಾಸ್ತ್ರ ಸಂಪ್ರದಾಯ. ಸಪ್ತಪದಿ ಇರುವ ಕಡೆ ಏಳನೆಯ ಹೆಜ್ಜೆಗೆ ಅದು ಪೂರ್ಣ. ಶಾಸ್ತ್ರ ನಡೆಯದೆ ಬರೀ ರಿಜಿಸ್ಟರ್ ಆದರೆ ಅದು ಹಿಂದೂ ವಿವಾಹವಾಗದು ಎಂದು ನಮ್ಮ ಸುಪ್ರೀಂ ಕೋರ್ಟು 2024ರಲ್ಲಿ ಒತ್ತಿ ಹೇಳಿದೆ. ಅಂದ ಮೇಲೆ ರಿಜಿಸ್ಟರ್ ಮಾಡಿಸಿಲ್ಲ, ಆದ್ದರಿಂದ ಮದುವೆಯಾಗಿಲ್ಲ ಎಂದು ವಾದಿಸಿ ಪಾರಾಗುವಂತಿಲ್ಲ. ಮಾಂಗಲ್ಯ ಕಟ್ಟುವ ಮನಸ್ಸಿದ್ದರೆ ಧಾರಾಳವಾಗಿ ಕಟ್ಟಿಸಿ, ಪೂರ್ತಿ ಮದುವೆಯನ್ನೇ ಮಾಡಿ, ರಿಜಿಸ್ಟರ್ ಮಾಡಿಸಿ, ಸಿಆರ್-1ಕ್ಕೆ ಹೋಗಿ. ಅರ್ಧ ಮದುವೆ ಎರಡು ದಾರಿಗೂ ಆಗಿಬರುವುದಿಲ್ಲ.

ಕೆ-1ರಲ್ಲಿ ಇನ್ನೊಂದು ನಿಯಮವಿದೆ, ಅದು ನನಗೆ ಬಹಳ ಕುತೂಹಲದ್ದು. ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಇಬ್ಬರೂ ಒಮ್ಮೆಯಾದರೂ ಮುಖತಃ ಭೇಟಿಯಾಗಿರಬೇಕು. ವಿಡಿಯೋ ಕಾಲ್ ಲೆಕ್ಕಕ್ಕಿಲ್ಲ. ನಕಲಿ ಮದುವೆಗಳನ್ನು ತಡೆಯಲು 1986ರಲ್ಲಿ ಬಂದ ಕಾಯ್ದೆ ಈ ಷರತ್ತು ಹಾಕಿತು. ಮದುವೆಗೆ ಎರಡು ವರ್ಷ ತುಂಬದವರಿಗೆ ಮೊದಲು ಎರಡೇ ವರ್ಷದ ಗ್ರೀನ್ ಕಾರ್ಡ್ ಕೊಡುವ ಪದ್ಧತಿಯೂ ಅದರಿಂದಲೇ ಬಂತು. ಆದರೆ ಮದುವೆಗೆ ಮುಂಚೆ ಹೆಣ್ಣು ಗಂಡು ಮುಖ ನೋಡಬಾರದು ಎಂಬ ಕಟ್ಟುನಿಟ್ಟಿನ ಸಂಪ್ರದಾಯವಿದ್ದರೆ ವಿನಾಯಿತಿ ಕೇಳಬಹುದು ಎಂದೂ ನಿಯಮಗಳಲ್ಲಿ ಬರೆದಿದ್ದಾರೆ. ನಮ್ಮ ಅಜ್ಜಿಯರ ಕಾಲದ, ಅಂತರಪಟ ಸರಿದಾಗಲೇ ಗಂಡನ ಮುಖ ಕಂಡ ಹೆಣ್ಣುಮಕ್ಕಳು ವಾಷಿಂಗ್ಟನ್ನಿನ ಕಾನೂನು ಬರೆದವರ ಕಣ್ಣಿಗೆ ಬಿದ್ದಿದ್ದರು ಎಂಬುದು ನನಗೆ ಮೆಚ್ಚುಗೆಯ ವಿಷಯ. ಹಾಗೆಂದು ಅದನ್ನು ನೆಚ್ಚಿಕೊಳ್ಳಬೇಡಿ. ಟಿಕೆಟ್ ತೆಗೆದು ಒಮ್ಮೆ ಭೇಟಿಯಾಗುವುದೇ ಲೇಸು, ಮದುವೆಯ ದೃಷ್ಟಿಯಿಂದಲೂ.

ಹುಡುಗ ಕನ್ನಡದವನಲ್ಲ, ಹಿಂದೂವೂ ಅಲ್ಲ, ಓಹಿಯೋ ರಾಜ್ಯದ ಕ್ರೈಸ್ತ ಎಂದಿಟ್ಟುಕೊಳ್ಳಿ. ಆಗ ಇಲ್ಲಿ ಎಷ್ಟೇ ವೈಭವದ ಧಾರೆ ನಡೆದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಮದುವೆಯಾಗದು. ಆ ಕಾಯ್ದೆಗೆ ಇಬ್ಬರೂ ಹಿಂದೂಗಳೇ ಆಗಿರಬೇಕು, ಬೌದ್ಧ ಜೈನ ಸಿಖ್ಖರೂ ಅದರಲ್ಲಿ ಸೇರುತ್ತಾರೆ. ಇಂಥವರು ಸಾಮಾನ್ಯವಾಗಿ ಹಿಡಿಯುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸು ಕೊಡಬೇಕು, ಅದು ಕಚೇರಿಯ ಗೋಡೆಯ ಮೇಲೆ 30 ದಿನ ಇರಬೇಕು, ಆಮೇಲೆ ಮೂವರು ಸಾಕ್ಷಿಗಳೊಂದಿಗೆ ಮದುವೆ. ನೋಟಿಸಿನಿಂದ ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿಂದ. ವರ್ಷಕ್ಕೆ ಎರಡು ವಾರ ರಜೆ ಸಿಗುವ ಅಮೆರಿಕದ ಹುಡುಗನಿಗೆ ಈ ನೋಟಿಸಿನ ತಿಂಗಳು ದೊಡ್ಡ ಗೋಡೆ. ಎಷ್ಟೋ ಜೋಡಿಗಳು ಕೆ-1ರ ಕಡೆ ತಿರುಗುವುದು ಈ ಕಾರಣಕ್ಕೇ, ಮತ್ತು ಅದನ್ನು ನಾನು ತಪ್ಪೆನ್ನಲಾರೆ. ಪ್ರೀತಿಸಿದವರ ಹೆಸರು ವಿಳಾಸವನ್ನು ತಿಂಗಳಿಡೀ ಗೋಡೆಗೆ ಅಂಟಿಸಿ, ಯಾರದಾದರೂ ತಕರಾರಿದೆಯೇ ಎಂದು ಊರನ್ನು ಕೇಳುವ ಈ ಪದ್ಧತಿ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಮದುವೆಯಾಗಿ ಹೋಗುವ ದಾರಿಯೇ ಇಲ್ಲದವರೂ ಇದ್ದಾರೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ವರಿಸುವ ಜೋಡಿಗೆ ನಮ್ಮ ದೇಶದಲ್ಲಿ ಮದುವೆಯಾಗುವ ದಾರಿಯಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಶಾಸಕಾಂಗಕ್ಕೆ ಬಿಟ್ಟಿತು. ಅಮೆರಿಕದಲ್ಲಿ 2013ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ವಿಂಡ್ಸರ್ ತೀರ್ಪಿನ ನಂತರ ವಲಸೆ ಕಾನೂನು ಇಂಥ ಮದುವೆಯನ್ನೂ ಮದುವೆಯೆಂದೇ ಒಪ್ಪುತ್ತದೆ. ಬೆಂಗಳೂರಿನ ಹುಡುಗನೊಬ್ಬ ಸಿಯಾಟಲ್‌ನ ಹುಡುಗನನ್ನು ಮದುವೆಯಾಗಬೇಕಾದರೆ ಒಂದೋ ಕೆ-1 ಹಿಡಿದು ಅಲ್ಲಿಗೆ ಹೋಗಬೇಕು, ಇಲ್ಲವೇ ಮದುವೆ ಕಾನೂನುಬದ್ಧವಾಗಿರುವ ಮೂರನೆಯ ದೇಶದಲ್ಲಿ ಆಗಬೇಕು. 2025ರ ಜನವರಿಯಿಂದ ಥಾಯ್ಲೆಂಡಿನಲ್ಲಿ ಅದು ಸಾಧ್ಯವಿದೆ. ಮದುವೆ ನಡೆದ ಜಾಗದಲ್ಲಿ ಅದು ಸಿಂಧುವಾದರೆ ಅಮೆರಿಕದ ಐ-130 ಅರ್ಜಿಗೂ ಸಿಂಧು. ಈ ಮಕ್ಕಳ ತಾಯಿತಂದೆಯರಿಗೆ ನಾನು ಕೈಮುಗಿದು ಹೇಳುವುದಿಷ್ಟು: ಬ್ಯಾಂಕಾಕ್ ನಾಲ್ಕು ಗಂಟೆಯ ಹಾದಿ, ಅಕ್ಷತೆ ಹಿಡಿದುಕೊಂಡು ಹೋಗಿ.

ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲೇ ಮದುವೆಯಾಗಿ, ಅಲ್ಲೇ ಉಳಿದುಬಿಡುವುದು ಎಂಬ ಸಲಹೆ ಕೊಡುವವರು ಪ್ರತಿ ಮದುವೆಯ ಊಟದ ಸಾಲಿನಲ್ಲೂ ಒಬ್ಬರಿರುತ್ತಾರೆ. ಉಳಿಯುವ ಉದ್ದೇಶ ಇಟ್ಟುಕೊಂಡೇ, ತಿರುಗಾಡಿ ಬರುತ್ತೇನೆ ಎಂದು ಅಧಿಕಾರಿಗೆ ಹೇಳಿ ಹೋದರೆ ಅದು ಸುಳ್ಳು ಹೇಳಿಕೆ. ಅದು ಸಾಬೀತಾದರೆ ಜೀವಮಾನವಿಡೀ ಪ್ರವೇಶ ನಿಷೇಧವಾಗಬಹುದು. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ಪ್ರವಾಸಿ ವೀಸಾ ಇದ್ದವರು ಅಲ್ಲಿ ಮದುವೆಯಾಗಿ, ಹೇಳಿದಂತೆ ವಾಪಸು ಬಂದು, ಇಲ್ಲಿಂದ ಸಿಆರ್-1ಕ್ಕೆ ಕಾಯುವುದರಲ್ಲಿ ತಪ್ಪೇನಿಲ್ಲ. ಇದೆಲ್ಲ ಅಮೆರಿಕದ ಮಾತಾಯಿತು; ಹುಡುಗ ಇಂಗ್ಲೆಂಡಿನವನಾದರೆ ಲೆಕ್ಕವೇ ಬೇರೆ. 2024ರ ಏಪ್ರಿಲಿನಲ್ಲಿ ಅಲ್ಲಿನವರು ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ವರಮಾನವನ್ನು 18,600 ಪೌಂಡಿನಿಂದ 29,000ಕ್ಕೆ ಏರಿಸಿದರು. ಕೆನಡಾದಲ್ಲಿ ನಿಶ್ಚಿತಾರ್ಥದ ಮೇಲೆ ಕೊಡುವ ವೀಸಾ ಎಂಬುದೇ ಇಲ್ಲ.

ಹೆಣ್ಣು ಹೆತ್ತವರು ಕೇಳದೆ ಉಳಿಸಿಕೊಳ್ಳುವ ಪ್ರಶ್ನೆಯೊಂದನ್ನು ನಾನೇ ಎತ್ತುತ್ತೇನೆ: ಹುಡುಗ ಎಂಥವನು? ಕೆ-1ಕ್ಕೆ ಇಲ್ಲಿ ಒಂದು ಒಳ್ಳೆಯ ಗುಣವಿದೆ. ಸಿಯಾಟಲ್‌ನ ನ್ಯಾಯಾಲಯದ ಕಟ್ಟಡದೊಳಗೇ ಫಿಲಿಪ್ಪೀನ್ಸಿನ ಹೆಣ್ಣುಮಗಳೊಬ್ಬಳು 1995ರಲ್ಲಿ ಗಂಡನ ಗುಂಡಿಗೆ ಬಲಿಯಾದಳು. ಅಂಥ ಸಾವುಗಳ ನೋವಿನಿಂದ ಮುಂದೆ ಒಂದು ಕಾಯ್ದೆ ಬಂತು. ಅದರ ಪ್ರಕಾರ ಕೆ-1 ಅರ್ಜಿ ಹಾಕುವ ಹುಡುಗ ಹಿಂಸೆಯ ಅಪರಾಧಗಳಲ್ಲಿ ತನಗೆ ಶಿಕ್ಷೆಯಾಗಿದ್ದರೆ ಹೇಳಲೇಬೇಕು, ಕಾನ್ಸುಲೇಟಿನವರು ಅದನ್ನು ಹುಡುಗಿಗೆ ತಿಳಿಸಬೇಕು, ಅವಳ ಹಕ್ಕುಗಳನ್ನು ವಿವರಿಸುವ ಕೈಪಿಡಿ ಕೊಡಬೇಕು. ಐ-130ರ ದಾರಿಯಲ್ಲಿ ಹುಡುಗನ ಅಪರಾಧಗಳನ್ನು ಹೀಗೆ ಹುಡುಗಿಯ ಮುಂದಿಡುವ ಕಟ್ಟಳೆಯಿಲ್ಲ. ಹಾಗಾಗಿ ಮದುವೆ ಮಾಡಿ ಕಳಿಸುವವರು ತಾವೇ ವಿಚಾರಿಸಬೇಕು. ಅಲ್ಲಿನ ಬಹಳಷ್ಟು ಕೌಂಟಿಗಳಲ್ಲಿ ಕೋರ್ಟಿನ ದಾಖಲೆ ಯಾರು ಬೇಕಾದರೂ ನೋಡಬಹುದು. ಜಾತಕ ನೋಡುವ ಶ್ರದ್ಧೆಯಲ್ಲಿ ಅರ್ಧ ಇದರ ಮೇಲಿಟ್ಟರೂ ಸಾಕು. ಹೋದ ಮೇಲೆ ಸಂಸಾರ ಹಿಂಸೆಯಾದರೆ ಹುಡುಗಿ ಗಂಡನ ಸಹಿಯಿಲ್ಲದೆಯೇ ತನ್ನ ಕಾರ್ಡಿಗೆ ಅರ್ಜಿ ಹಾಕಬಹುದು ಎಂಬುದೂ ಅವಳಿಗೆ ಗೊತ್ತಿರಲಿ. ಕಾರ್ಡು ಕೊಡುವಾಗ ಗಂಡ ಸಹಿ ಮಾಡುವ ಐ-864 ಎಂಬ ಪೋಷಣೆಯ ಪ್ರಮಾಣಪತ್ರ ವಿಚ್ಛೇದನವಾದರೂ ಸಾಯುವುದಿಲ್ಲ. ಅವಳು ಪ್ರಜೆಯಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಬರುವವರೆಗೆ ಅವನ ಹೊಣೆ ಉಳಿಯುತ್ತದೆ. ಹುಡುಗನ ಕಡೆಯವರೂ ಸಹಿ ಹಾಕುವ ಮುಂಚೆ ಇದನ್ನು ಓದಿಕೊಳ್ಳುವುದು ನ್ಯಾಯ.

ಕಾಗದಪತ್ರಗಳ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಎಷ್ಟೋ ಜನರ ಜನನ ಪ್ರಮಾಣಪತ್ರದಲ್ಲಿ ತಾಯಿತಂದೆಯ ಹೆಸರಿರುತ್ತದೆ, ಮಗುವಿನ ಹೆಸರಿನ ಜಾಗ ಖಾಲಿ. ಹುಡುಗಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಇವನ್ನು ಅರ್ಜಿ ಹಾಕುವ ಮುಂಚೆಯೇ ಸರಿಮಾಡಿಸಿ. ಸಂದರ್ಶನದ ಪತ್ರ ಬಂದ ಮೇಲೆ ಪುರಸಭೆಗೆ ಓಡುವುದು ಯಾರಿಗೂ ಬೇಡ.

ಕೊನೆಗೆ, ಯಾರೂ ಎತ್ತದ ಮೂರನೆಯ ದಾರಿ: ಹುಡುಗನೇ ಇಲ್ಲಿಗೆ ಬರುವುದು. ಮೈಸೂರಿನಲ್ಲಿ ಹಾಗೆ ನೆಲೆಸಿದ ಒಂದು ಜೋಡಿಯನ್ನು ಬಲ್ಲೆ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಮೊದಲು ಎಂಟ್ರಿ ವೀಸಾ ಸಿಗುತ್ತದೆ. ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ಸತತವಾಗಿ ನಡೆದ ಮೇಲೆ ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ ಅರ್ಜಿ ಹಾಕಬಹುದು. ಓಸಿಐ ಇದ್ದವರು ಇಲ್ಲಿ ಇರಬಹುದು, ದುಡಿಯಬಹುದು. ಮತ ಹಾಕುವಂತಿಲ್ಲ, ಹೊಲಗದ್ದೆ ಕೊಳ್ಳುವಂತಿಲ್ಲ, ಮದುವೆ ಮುರಿದರೆ ಕಾರ್ಡೂ ರದ್ದಾಗುತ್ತದೆ. ಅಮೆರಿಕದಲ್ಲಿರುವ ಹುಡುಗನ ತಾಯಿ ಮಗನನ್ನು ನೋಡಬೇಕೆಂದರೆ ಇ-ವೀಸಾ ಆನ್‌ಲೈನಿನಲ್ಲೇ ಆಗುತ್ತದೆ. ಮಗಳು ಅಲ್ಲಿಗೆ ಹೋಗಿದ್ದರೆ ನಮ್ಮ ತಾಯಿ ಬಿ-2 ಎಂಬ ಪ್ರವಾಸಿ ವೀಸಾದ ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯುತ್ತಾಳೆ. ಬಾಣಂತನ ಯಾರು, ಎಲ್ಲಿ ಮಾಡಬೇಕು ಎಂದು ಮದುವೆಯ ದಿನವೇ ಯೋಚಿಸುವ ಮನೆಗಳು ನಮ್ಮವು. ದಾರಿ ಆರಿಸುವಾಗ ಇದನ್ನೂ ಎದುರಿಗಿಟ್ಟುಕೊಂಡು ಎರಡು ಕಡೆಯ ಬೀಗರು ಮಾತಾಡಲಿ.